ದೊಡ್ಡ ಕೈ ಹಾಕಿದರೆ ಬೆಲೆ ಜಾರುತ್ತದೆ

ಹೂವಿನ ಮಾರುಕಟ್ಟೆಗೆ ಹೋಗಿ ಎರಡು ಮೊಳ ಮಲ್ಲಿಗೆ ಕೇಳಿದವರಿಗೆ, ಹೂವಾಡಗಿತ್ತಿ ಹೇಳಿದ ಬೆಲೆಗೇ ಹೂವು ಸಿಗುತ್ತದೆ. ಆದರೆ ಮದುವೆಯ ಮಂಟಪ ಅಲಂಕರಿಸಲು ಐವತ್ತು ಕುಕ್ಕೆ ಹೂವು ಬೇಕೆಂದು ಬಂದವರ ಕಥೆಯೇ ಬೇರೆ. ಮೊದಲ ನಾಲ್ಕಾರು ಕುಕ್ಕೆ ಹೇಳಿದ ಬೆಲೆಗೆ ಬರಬಹುದು. ಅದು ಮುಗಿದ ಮೇಲೆ ಪಕ್ಕದ ವ್ಯಾಪಾರಿಯನ್ನು ಕೇಳಬೇಕು. ಆತ ಹತ್ತು ರೂಪಾಯಿ ಹೆಚ್ಚು ಹೇಳುತ್ತಾನೆ. ಅಷ್ಟರಲ್ಲಿ 'ಮದುವೆ ಮನೆಯವರು ಬಂದಿದ್ದಾರೆ' ಎಂಬ ಸುದ್ದಿ ಸಾಲಿನ ಕೊನೆಯವರೆಗೂ ಮುಟ್ಟಿರುತ್ತದೆ. ಐವತ್ತನೆಯ ಕುಕ್ಕೆ ಕೈಗೆ ಬರುವ ಹೊತ್ತಿಗೆ ಬೆಲೆ ಎಲ್ಲಿಗೋ ಏರಿರುತ್ತದೆ. ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಆದರೂ ಮೊದಲು ಕೇಳಿದ ಬೆಲೆ ಒಂದು, ಕೊನೆಗೆ ಕೊಟ್ಟ ಬೆಲೆ ಇನ್ನೊಂದು.

ಡಾಲರ್, ಪೌಂಡ್, ಯೂರೋ, ಯೆನ್ ಮುಂತಾದ ನಾಣ್ಯಗಳನ್ನು ಕೊಂಡು ಮಾರುವ ವಿದೇಶಿ ವಿನಿಮಯ ಮಾರುಕಟ್ಟೆಯಲ್ಲೂ ನಡೆಯುವುದು ಇದೇ. ನಿರೀಕ್ಷಿಸಿದ ಬೆಲೆಗೂ ವ್ಯವಹಾರ ನಿಜವಾಗಿ ಕುದುರಿದ ಬೆಲೆಗೂ ಇರುವ ಈ ವ್ಯತ್ಯಾಸವನ್ನು ವ್ಯಾಪಾರಿಗಳು 'ಸ್ಲಿಪೇಜ್' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಬೆಲೆ ಜಾರುವಿಕೆ ಎನ್ನಬಹುದು. ಬೆಲೆ ಒಮ್ಮೊಮ್ಮೆ ಅನುಕೂಲವಾದ ಕಡೆಗೂ ಜಾರುವುದುಂಟು. ಆದರೆ ದೊಡ್ಡ ಮೊತ್ತದ ವ್ಯವಹಾರದಲ್ಲಿ ಅದು ಹೆಚ್ಚಾಗಿ ಜಾರುವುದು ಕೊಳ್ಳುವವನಿಗೆ ಏರಿಕೆಯಾಗಿ, ಮಾರುವವನಿಗೆ ಇಳಿಕೆಯಾಗಿ.

ಇದು ಕೇವಲ ಬ್ಯಾಂಕಿನವರ ತಲೆನೋವಲ್ಲ. ಪೆಟ್ರೋಲ್ ಬೆಲೆ, ವಿದೇಶದಲ್ಲಿ ಓದುವ ಮಕ್ಕಳ ಶುಲ್ಕ, ಮೊಬೈಲ್ ಫೋನಿನಲ್ಲಿ ಬಂದು 'ಕೂತಲ್ಲೇ ಹಣ ಮಾಡಿ' ಎಂದು ಕರೆಯುವ ಜಾಹೀರಾತು, ಇವೆಲ್ಲಕ್ಕೂ ಇದರೊಡನೆ ನಂಟಿದೆ. ಅರ್ಥಮಾಡಿಕೊಳ್ಳಲು ಬೇಕಾದ ಗಣಿತವೋ ಹೈಸ್ಕೂಲಿನ ಮಟ್ಟದ್ದು.

ಒಂದು ಸರಳ ಲೆಕ್ಕ

ನಾಣ್ಯ ಮಾರುಕಟ್ಟೆಯಲ್ಲಿ ಯಾವಾಗಲೂ ಎರಡು ಬೆಲೆಗಳಿರುತ್ತವೆ. ವ್ಯಾಪಾರಿ ಕೊಳ್ಳಲು ಸಿದ್ಧನಿರುವ ಬೆಲೆ ಒಂದು, ಮಾರಲು ಸಿದ್ಧನಿರುವ ಬೆಲೆ ಇನ್ನೊಂದು. ಮಾರುವ ಬೆಲೆ ಸದಾ ತುಸು ಹೆಚ್ಚು. ಈ ಎರಡರ ನಡುವಿನ ಅಂತರವೇ ವ್ಯಾಪಾರಿಯ ಸಂಪಾದನೆ. ಪ್ರತಿಯೊಂದು ಬೆಲೆಯ ಪಕ್ಕದಲ್ಲೂ ಒಂದು ಪ್ರಮಾಣ ಇರುತ್ತದೆ: 'ಈ ಬೆಲೆಗೆ ಇಷ್ಟು ಮಾತ್ರ' ಎಂದು. ಸಾಮಾನ್ಯವಾಗಿ ಜನ ಬೆಲೆಯನ್ನು ನೋಡುತ್ತಾರೆ, ಪ್ರಮಾಣವನ್ನು ನೋಡುವುದಿಲ್ಲ. ತೊಡಕು ಇರುವುದೇ ಅಲ್ಲಿ.

ಲೆಕ್ಕ ಸುಲಭವಾಗಲೆಂದು ಒಂದು ಡಾಲರ್‌ಗೆ 80 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮಾರುವವರ ಸಾಲು ಹೀಗಿದೆ ಎಂದು ಊಹಿಸಬಹುದು. ಮೊದಲನೆಯವನ ಬಳಿ 10 ಲಕ್ಷ ಡಾಲರ್ ಇದೆ, ಬೆಲೆ 80 ರೂಪಾಯಿ. ಎರಡನೆಯವನ ಬಳಿ 20 ಲಕ್ಷ ಡಾಲರ್, ಬೆಲೆ 80 ರೂಪಾಯಿ 1 ಪೈಸೆ. ಮೂರನೆಯವನ ಬಳಿ 30 ಲಕ್ಷ, ಬೆಲೆ 80 ರೂಪಾಯಿ 3 ಪೈಸೆ. ನಾಲ್ಕನೆಯವನ ಬಳಿ 40 ಲಕ್ಷ, ಬೆಲೆ 80 ರೂಪಾಯಿ 6 ಪೈಸೆ.

ಈಗ 10 ಲಕ್ಷ ಡಾಲರ್ ಬೇಕಾದ ಕಂಪೆನಿಗೆ ಯಾವ ತೊಂದರೆಯೂ ಇಲ್ಲ. ಪರದೆಯ ಮೇಲೆ ಕಂಡ 80 ರೂಪಾಯಿಗೇ ಅದು ಸಿಗುತ್ತದೆ. ಆದರೆ ಒಂದು ಕೋಟಿ ಡಾಲರ್ ಒಮ್ಮೆಲೇ ಬೇಕೆಂದು ಬಂದ ಕಂಪೆನಿ ನಾಲ್ವರ ಬಳಿ ಇರುವುದನ್ನೆಲ್ಲ ಬಾಚಿಕೊಳ್ಳಬೇಕಾಗುತ್ತದೆ. ಎರಡನೆಯವನಿಗೆ 20 ಸಾವಿರ ರೂಪಾಯಿ, ಮೂರನೆಯವನಿಗೆ 90 ಸಾವಿರ, ನಾಲ್ಕನೆಯವನಿಗೆ 2 ಲಕ್ಷ 40 ಸಾವಿರ ಹೆಚ್ಚಿಗೆ ಕೊಡಬೇಕು. ಒಟ್ಟು 3 ಲಕ್ಷ 50 ಸಾವಿರ ರೂಪಾಯಿ. ಅಂದರೆ ಸರಾಸರಿ ಬೆಲೆ 80 ರೂಪಾಯಿ ಮೂರೂವರೆ ಪೈಸೆ.

ಒಂದು ಡಾಲರ್‌ಗೆ ಮೂರೂವರೆ ಪೈಸೆ ಏನು ಮಹಾ ಎನ್ನಿಸಬಹುದು. ಆದರೆ ದಿನಕ್ಕೊಮ್ಮೆಯಂತೆ ವರ್ಷದಲ್ಲಿ 250 ದಿನ ಇಂಥದೇ ವ್ಯವಹಾರ ನಡೆಸುವ ಕಂಪೆನಿಗೆ ಈ ಪೈಸೆಗಳೇ ಸೇರಿ 8 ಕೋಟಿ 75 ಲಕ್ಷ ರೂಪಾಯಿ ಆಗುತ್ತವೆ. ಯಾವ ರಸೀತಿಯಲ್ಲೂ 'ಜಾರುವಿಕೆ ಶುಲ್ಕ' ಎಂದು ಬರೆದಿರುವುದಿಲ್ಲ. ಕಣ್ಣಿಗೆ ಕಾಣದೆ ಹೋಗುವ ಹಣ ಇದು.

ಹರಿಯುವ ನೀರು, ನಿಂತ ನೀರು

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ವಿದೇಶಿ ವಿನಿಮಯ ಮಾರುಕಟ್ಟೆ ಜಗತ್ತಿನಲ್ಲೇ ಅತಿ ದೊಡ್ಡ ಮಾರುಕಟ್ಟೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಅಂತರರಾಷ್ಟ್ರೀಯ ಪಾವತಿಗಳ ಬ್ಯಾಂಕ್ ಮೂರು ವರ್ಷಕ್ಕೊಮ್ಮೆ ಇದರ ಗಾತ್ರವನ್ನು ಅಳೆಯುತ್ತದೆ. 2022ರ ಏಪ್ರಿಲ್‌ನಲ್ಲಿ ಅಲ್ಲಿ ದಿನವೊಂದಕ್ಕೆ ಸುಮಾರು 7.5 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯುತ್ತಿತ್ತು. 2025ರ ಏಪ್ರಿಲ್ ಹೊತ್ತಿಗೆ ಅದು ಸುಮಾರು 9.6 ಲಕ್ಷ ಕೋಟಿ ಡಾಲರ್ ಮುಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ವ್ಯವಹಾರಗಳಲ್ಲಿ ಒಂದು ಕಡೆ ಡಾಲರ್ ಇದ್ದೇ ಇರುತ್ತದೆ. ಇಂಥ ಮಹಾಸಾಗರದಲ್ಲಿ ಒಂದು ಕೋಟಿ ಡಾಲರ್ ಯಾವ ಲೆಕ್ಕ?

ಉತ್ತರ ಜೋಗದಲ್ಲಿದೆ. ಮಳೆಗಾಲದಲ್ಲಿ ಜಲಪಾತದಿಂದ ಇಡೀ ದಿನ ಧುಮುಕುವ ನೀರು ಅಪಾರ. ಆದರೆ ಈ ಒಂದು ಕ್ಷಣದಲ್ಲಿ ಬಂಡೆಯ ಅಂಚಿನಲ್ಲಿರುವ ನೀರು ಅದರ ಅತಿ ಸಣ್ಣ ಪಾಲು. ದಿನದ ವಹಿವಾಟು ಹರಿದುಹೋದ ನೀರಿನ ಲೆಕ್ಕ. ಒಬ್ಬ ವ್ಯಾಪಾರಿಗೆ ಬೇಕಾದುದು ಈ ಕ್ಷಣ, ಈ ಬೆಲೆಯಲ್ಲಿ, ತನ್ನೆದುರು ನಿಂತಿರುವ ನೀರು. ಇದನ್ನು ಮಾರುಕಟ್ಟೆಯ 'ಆಳ' ಎನ್ನುತ್ತಾರೆ. ಕೊಂಡರೂ ಮಾರಿದರೂ ಬೆಲೆ ಹೆಚ್ಚು ಅಲುಗದ ಗುಣಕ್ಕೆ 'ದ್ರವ್ಯತೆ' ಎಂಬ ಹೆಸರಿದೆ. ಎಮ್ಮೆಯೊಂದು ಲಿಂಗನಮಕ್ಕಿ ಜಲಾಶಯಕ್ಕೆ ಇಳಿದರೆ ನೀರಿನ ಮಟ್ಟ ಏರಿದ್ದು ಯಾರಿಗೂ ಗೊತ್ತಾಗದು. ಅದೇ ಎಮ್ಮೆ ಊರ ಮುಂದಿನ ಸಣ್ಣ ಕಟ್ಟೆಗೆ ಇಳಿದರೆ ದಡ ಒದ್ದೆಯಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಷೇರುಗಳಿಗಿರುವಂತೆ ನಾಣ್ಯಗಳಿಗೆ ಒಂದೇ ಒಂದು ದೊಡ್ಡ ಸಂತೆಕಟ್ಟೆ ಇಲ್ಲ. ಲಂಡನ್, ನ್ಯೂಯಾರ್ಕ್, ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ, ಮುಂಬಯಿ ಮುಂತಾದೆಡೆ ಇರುವ ಬ್ಯಾಂಕುಗಳು ಹತ್ತಾರು ಕಂಪ್ಯೂಟರ್ ಜಾಲಗಳ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಒಂದೇ ಬ್ಯಾಂಕು ತನ್ನ ಬಳಿಯಿರುವ ಅದೇ 10 ಲಕ್ಷ ಡಾಲರನ್ನು ನಾಲ್ಕೈದು ಜಾಲಗಳಲ್ಲಿ ಏಕಕಾಲಕ್ಕೆ ಮಾರಾಟಕ್ಕಿಟ್ಟಿರಬಹುದು. ನೋಡುವವರಿಗೆ 50 ಲಕ್ಷ ಇದ್ದಂತೆ ಕಾಣುತ್ತದೆ. ಒಂದು ಕಡೆ ಮುಟ್ಟಿದ ಕೂಡಲೇ ಉಳಿದ ಕಡೆಯದು ಮಾಯವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಕಾಣುವ ಮರೀಚಿಕೆಯಂತೆ.

ತೈಲ ಕಂಪೆನಿಗಳಿಗೊಂದು ಬೇರೆ ಕಾಲುವೆ

ಈ ತತ್ತ್ವ ಇಡೀ ದೇಶವನ್ನೇ ತಟ್ಟಿದ್ದು 2013ರ ಬೇಸಿಗೆ ಮತ್ತು ಮಳೆಗಾಲದಲ್ಲಿ. ಆ ವರ್ಷದ ಮೇ ತಿಂಗಳ ಆರಂಭದಲ್ಲಿ ಒಂದು ಡಾಲರ್‌ಗೆ 54 ರೂಪಾಯಿಯ ಆಸುಪಾಸಿನ ಬೆಲೆ ಇತ್ತು. ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆ, ಹಣದ ಹರಿವನ್ನು ಕ್ರಮೇಣ ಕಡಿಮೆ ಮಾಡುವ ಸೂಚನೆ ಕೊಟ್ಟರು. ವಿದೇಶಿ ಹೂಡಿಕೆದಾರರು ಭಾರತದಂಥ ದೇಶಗಳಿಂದ ಹಣ ಹಿಂತೆಗೆಯತೊಡಗಿದರು. ಡಾಲರ್ ಕೊಳ್ಳುವವರ ಸಾಲು ಉದ್ದವಾಯಿತು, ಮಾರುವವರ ಸಾಲು ಕರಗಿತು. ಆಗಸ್ಟ್ 28ರಂದು ರೂಪಾಯಿ ಡಾಲರ್‌ಗೆ 68 ರೂಪಾಯಿ 80 ಪೈಸೆಯ ಮಟ್ಟ ಮುಟ್ಟಿತು. ಅಲ್ಲಿಯವರೆಗೆ ರೂಪಾಯಿ ಕಂಡ ಅತಿ ಕೆಳಗಿನ ಮಟ್ಟ ಅದು.

ಆ ಸಾಲಿನಲ್ಲಿ ಅತಿ ದೊಡ್ಡ ಗ್ರಾಹಕರು ಯಾರು? ಸರಕಾರಿ ಒಡೆತನದ ಮೂರು ತೈಲ ಕಂಪೆನಿಗಳು: ಇಂಡಿಯನ್ ಆಯಿಲ್, ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ, ಬೆಲೆ ಡಾಲರ್‌ನಲ್ಲಿ. ಈ ಕಂಪೆನಿಗಳಿಗೆ ದಿನವೊಂದಕ್ಕೆ 40ರಿಂದ 50 ಕೋಟಿ ಡಾಲರ್ ಬೇಕಾಗುತ್ತದೆಂಬುದು ಆಗಿನ ಅಂದಾಜು. ಮೇಲಿನ ಲೆಕ್ಕದಲ್ಲಿ ಒಂದು ಕೋಟಿ ಡಾಲರ್‌ಗೇ ನಾಲ್ವರ ಕೈ ಖಾಲಿಯಾಗಿತ್ತು ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ಬೆಲೆ ಹೆಚ್ಚಾಯಿತೆಂದು ತೈಲ ಕಂಪೆನಿ ಕಾಯುವಂತಿಲ್ಲ. ಹಡಗು ಬಂದರಿಗೆ ಬಂದಿರುತ್ತದೆ, ಹಣ ಕಟ್ಟಲೇಬೇಕು. ಇದು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ತೈಲ ಕಂಪೆನಿಗಳು ಕೊಳ್ಳಲು ಬರುತ್ತವೆಂದು ತಿಳಿದವರು ಅದಕ್ಕೆ ಮೊದಲೇ ಡಾಲರ್ ಕೊಂಡಿಟ್ಟುಕೊಳ್ಳಲು ನೋಡುತ್ತಾರೆ; ಇದ್ದವರು ಮಾರಲು ಹಿಂಜರಿಯುತ್ತಾರೆ. ರಫ್ತುದಾರರೂ 'ನಾಳೆ ಇನ್ನೂ ಒಳ್ಳೆಯ ಬೆಲೆ ಬಂದೀತು' ಎಂದು ಡಾಲರನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಹೀಗೆ ಒಂದು ದೊಡ್ಡ ಬೇಡಿಕೆ ತನ್ನ ಸುತ್ತ ಹಲವು ಬೇಡಿಕೆಗಳನ್ನು ಹುಟ್ಟಿಸುತ್ತದೆ.

ಆಗಸ್ಟ್ 28ರ ಸಂಜೆ ರಿಸರ್ವ್ ಬ್ಯಾಂಕ್ ಒಂದು ವ್ಯವಸ್ಥೆಯನ್ನು ಪ್ರಕಟಿಸಿತು. ಈ ಮೂರು ಕಂಪೆನಿಗಳ ದಿನನಿತ್ಯದ ಡಾಲರ್ ಅಗತ್ಯವನ್ನು ನಿಗದಿಪಡಿಸಿದ ಬ್ಯಾಂಕೊಂದರ ಮೂಲಕ ತಾನೇ ಪೂರೈಸುವುದಾಗಿ ತಿಳಿಸಿತು. ಇದು ದಾನವಲ್ಲ, ಕೊಟ್ಟ ಡಾಲರನ್ನು ಕಂಪೆನಿಗಳು ಗೊತ್ತಾದ ದಿನ ಹಿಂತಿರುಗಿಸಬೇಕೆಂಬ ಕರಾರು. ಇಂಥ ವಿನಿಮಯಕ್ಕೆ 'ಸ್ವಾಪ್' ಎಂದು ಹೆಸರು. ಬೇಡಿಕೆ ಇಲ್ಲವಾಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಆದರೆ ಬತ್ತುತ್ತಿದ್ದ ಕೆರೆಯಿಂದ ಅತಿ ದೊಡ್ಡ ಪಂಪನ್ನು ತೆಗೆದು ಬೇರೆ ಕಾಲುವೆಗೆ ಜೋಡಿಸಿದಂತಾಯಿತು. ಮರುದಿನ ಡಾಲರ್ ಬೆಲೆ 67 ರೂಪಾಯಿಗಿಂತ ಕೆಳಕ್ಕೆ ಬಂತು.

ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡರು. ಅನಿವಾಸಿ ಭಾರತೀಯರ ಠೇವಣಿ ಮತ್ತು ಬ್ಯಾಂಕುಗಳ ವಿದೇಶಿ ಸಾಲದ ಮೂಲಕ ನವೆಂಬರ್ ಅಂತ್ಯದೊಳಗೆ ಸುಮಾರು 3,400 ಕೋಟಿ ಡಾಲರ್ ಹರಿದುಬಂತು. ಕೆರೆಗೆ ಹೊಸ ನೀರು ಬಂದಮೇಲೆ ಭಯವೂ ಇಳಿಯಿತು.

ಸೈಕಲ್ಲು ಮತ್ತು ಗಾಳಿಯ ತಡೆ

ರಿಸರ್ವ್ ಬ್ಯಾಂಕಿನ ನೆರವು ಎಲ್ಲರಿಗೂ ಎಲ್ಲ ದಿನವೂ ಸಿಗುವಂಥದಲ್ಲ. ತಿಂಗಳಿಗೆ ಕೋಟ್ಯಂತರ ಡಾಲರ್ ಗಳಿಸಿ ಅದನ್ನು ರೂಪಾಯಿಗೆ ಬದಲಿಸಿ ಸಂಬಳ ಕೊಡಬೇಕಾದ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳು ಏನು ಮಾಡಬೇಕು? ಉಳಿದಿರುವ ಉಪಾಯ ಒಂದೇ: ದೊಡ್ಡದನ್ನು ಚಿಕ್ಕದಾಗಿ ಕತ್ತರಿಸುವುದು. ಒಂದು ಕೋಟಿ ಡಾಲರನ್ನು ಒಮ್ಮೆಲೇ ಮಾರುವ ಬದಲು, ಹತ್ತು ಲಕ್ಷದಂತೆ ಹತ್ತು ಸಲ, ಗಂಟೆಗಳ ಅಂತರದಲ್ಲಿ ಮಾರುವುದು. ಒಬ್ಬ ಕೊಳ್ಳುಗನ ಕೈ ತುಂಬಿದ ಮೇಲೆ ಇನ್ನೊಬ್ಬ ಬರುವವರೆಗೆ ಕಾಯುವುದು. ಈಗ ಈ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರ್ ಪ್ರೋಗ್ರಾಮುಗಳೇ ಮಾಡುತ್ತವೆ.

ಗಾತ್ರ ಹೆಚ್ಚಿದಂತೆ ಬೆಲೆ ಎಷ್ಟು ಜಾರುತ್ತದೆ ಎಂಬುದನ್ನು ಸಂಶೋಧಕರು ಷೇರು ಮೊದಲಾದ ಹಲವು ಮಾರುಕಟ್ಟೆಗಳಲ್ಲಿ ಅಳೆದಿದ್ದಾರೆ. ಅವರಿಗೆ ಕಂಡದ್ದು ಒಂದು ಸೊಗಸಾದ ನಿಯಮ. ಬೆಲೆಯ ಜಾರುವಿಕೆ ಸ್ಥೂಲವಾಗಿ ವ್ಯವಹಾರದ ಗಾತ್ರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಗಾತ್ರ ನಾಲ್ಕರಷ್ಟಾದರೆ ಪ್ರತಿ ಡಾಲರ್ ಮೇಲಿನ ಜಾರುವಿಕೆ ಎರಡರಷ್ಟು. ಮೊದಲಿನ ಉದಾಹರಣೆಗೆ ಇದನ್ನು ಹಚ್ಚಿ ನೋಡಬಹುದು. ಒಂದು ಕೋಟಿ ಡಾಲರ್‌ಗೆ ಮೂರೂವರೆ ಪೈಸೆ ಜಾರಿದರೆ ನಾಲ್ಕು ಕೋಟಿ ಡಾಲರ್‌ಗೆ ಏಳು ಪೈಸೆ ಜಾರುತ್ತದೆ. ಒಟ್ಟು ನಷ್ಟ ಮೂರೂವರೆ ಲಕ್ಷದಿಂದ 28 ಲಕ್ಷಕ್ಕೆ ಏರುತ್ತದೆ. ಗಾತ್ರ ನಾಲ್ಕು ಪಟ್ಟು, ನಷ್ಟ ಎಂಟು ಪಟ್ಟು. ಇದು ಭೌತಶಾಸ್ತ್ರದ ನಿಯಮಗಳಂತೆ ಕರಾರುವಾಕ್ಕಾದುದಲ್ಲ. ಆದರೂ ಅಂದಾಜಿಗೆ ಸಾಕು.

ಹಾಗಿದ್ದರೆ ನೂರು ತುಂಡು ಮಾಡಿ ತಿಂಗಳಿಡೀ ಮಾರಿದರೆ ಆಗದೆ? ಅಲ್ಲೊಂದು ಕೊಕ್ಕೆ ಇದೆ. ಕಾಯುತ್ತ ಕುಳಿತಾಗ ಬೆಲೆ ತನ್ನಷ್ಟಕ್ಕೆ ತಾನೇ ಏರಿಳಿಯುತ್ತಿರುತ್ತದೆ. ಐದು ಪೈಸೆ ಉಳಿಸಲು ಹೋದವನು ಐವತ್ತು ಪೈಸೆ ಕಳೆದುಕೊಳ್ಳಬಹುದು. ಸೈಕಲ್ ತುಳಿಯುವ ವಿದ್ಯಾರ್ಥಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೆಲ್ಲಗೆ ತುಳಿದರೆ ಗಾಳಿಯ ತಡೆ ತಿಳಿಯುವುದೇ ಇಲ್ಲ. ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಆದರೆ ಮೋಡ ಕವಿದಿರುವಾಗ ಮೆಲ್ಲಗೆ ಹೋದರೆ ಮಳೆಯಲ್ಲಿ ನೆನೆಯಬೇಕಾದೀತು. ಆತುರಕ್ಕೆ ಒಂದು ಬೆಲೆ, ನಿಧಾನಕ್ಕೆ ಇನ್ನೊಂದು ಬೆಲೆ. ಇವೆರಡರ ನಡುವೆ ಸರಿಯಾದ ವೇಗವನ್ನು ಗಣಿತದಿಂದ ಕಂಡುಹಿಡಿಯುವ ವಿಧಾನವನ್ನು ರಾಬರ್ಟ್ ಆಲ್ಮ್‌ಗ್ರೆನ್ ಮತ್ತು ನೀಲ್ ಕ್ರಿಸ್ ಎಂಬ ಗಣಿತಜ್ಞರು 2000ದ ಸುಮಾರಿಗೆ ರೂಪಿಸಿದರು. ಕಲನಶಾಸ್ತ್ರ ಬಲ್ಲ ವಿದ್ಯಾರ್ಥಿಗೆ ಅದರ ತಿರುಳು ಅಪರಿಚಿತವೇನಲ್ಲ: ಎರಡು ವೆಚ್ಚಗಳ ಮೊತ್ತ ಕನಿಷ್ಠವಾಗುವ ಬಿಂದುವನ್ನು ಹುಡುಕುವುದು.

ಗುಟ್ಟು ರಟ್ಟಾದರೆ

ಮದುವೆ ಮನೆಯವರು ಬಂದ ಸುದ್ದಿ ಹೂವಿನ ಸಾಲಿನಲ್ಲಿ ಹಬ್ಬಿದಾಗ ಬೆಲೆ ಏರಿತಷ್ಟೆ. ದೊಡ್ಡ ಮೊತ್ತ ಕೊಳ್ಳುವವನ ಅತಿ ದೊಡ್ಡ ಆಸ್ತಿ ಆತನ ಮೌನ. ಅದಕ್ಕೇ ಬೇಡಿಕೆಯನ್ನು ಸಣ್ಣ ತುಂಡುಗಳಲ್ಲಿ, ಒಮ್ಮೊಮ್ಮೆ ಹೆಚ್ಚು ಕಡಿಮೆ ಗಾತ್ರದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಕಳಿಸಲಾಗುತ್ತದೆ. ಆದರೆ ದಲ್ಲಾಳಿಯೇ ಗುಟ್ಟು ಬಿಟ್ಟುಕೊಟ್ಟರೆ?

ಹೀಗೇ ಆಯಿತು. ಲಂಡನ್ನಿನಲ್ಲಿ ಸಂಜೆ 4 ಗಂಟೆಯ ನಾಣ್ಯ ದರವನ್ನು ಜಗತ್ತಿನಾದ್ಯಂತ ನಿಧಿಗಳು ಆಧಾರವಾಗಿ ಬಳಸುತ್ತವೆ. ಆಗ ಅದನ್ನು ನಿರ್ಧರಿಸಲು ಬಳಸುತ್ತಿದ್ದುದು ಕೇವಲ ಒಂದು ನಿಮಿಷದ ವ್ಯವಹಾರಗಳನ್ನು. ದೊಡ್ಡ ದೊಡ್ಡ ಬೇಡಿಕೆಗಳೆಲ್ಲ ಆ ಒಂದು ನಿಮಿಷಕ್ಕೆ ನುಗ್ಗುತ್ತಿದ್ದವು. ಕೆಲವು ಬ್ಯಾಂಕುಗಳ ವ್ಯಾಪಾರಿಗಳು ತಮ್ಮ ಗ್ರಾಹಕರ ಬೇಡಿಕೆಗಳ ಸುಳಿವನ್ನು ಕಂಪ್ಯೂಟರ್ ಹರಟೆಕೋಣೆಗಳಲ್ಲಿ ಪರಸ್ಪರ ಹಂಚಿಕೊಂಡು ದರವನ್ನು ತಮಗೆ ಬೇಕಾದತ್ತ ತಳ್ಳಲು ಯತ್ನಿಸಿದ್ದು ಬಯಲಾಯಿತು. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯೊಂದೇ ಐದು ಬ್ಯಾಂಕುಗಳಿಗೆ ಒಟ್ಟು 110 ಕೋಟಿ ಪೌಂಡಿಗೂ ಹೆಚ್ಚು ದಂಡ ವಿಧಿಸಿತು. 2015ರ ಫೆಬ್ರವರಿಯಿಂದ ಆ ಒಂದು ನಿಮಿಷವನ್ನು ಐದು ನಿಮಿಷಕ್ಕೆ ಹಿಗ್ಗಿಸಲಾಯಿತು. ಬಾಗಿಲು ಅಗಲವಾದರೆ ನೂಕುನುಗ್ಗಲು ಕಡಿಮೆ ಎಂಬುದೇ ಇದರ ಹಿಂದಿನ ತರ್ಕ. 2017ರ ಮೇ ತಿಂಗಳಲ್ಲಿ ಈ ಮಾರುಕಟ್ಟೆಗೆಂದೇ ಜಾಗತಿಕ ನೀತಿಸಂಹಿತೆಯೂ ಬಂತು.

ಜಾರದ ಬೆಲೆಯ ಅಪಾಯ

ಬೆಲೆ ಜಾರುವುದು ಕೆಡುಕು ಎಂದಾದರೆ, ಜಾರದಂತೆ ಗೂಟ ಹೊಡೆದು ನಿಲ್ಲಿಸುವುದು ಒಳಿತಲ್ಲವೆ? ಈ ಪ್ರಶ್ನೆಗೆ ಇತಿಹಾಸ ಎರಡು ಸಲ ಕಹಿಯಾದ ಉತ್ತರ ಕೊಟ್ಟಿದೆ.

1992ರಲ್ಲಿ ಬ್ರಿಟಿಷ್ ಪೌಂಡು ಯುರೋಪಿನ ವಿನಿಮಯ ದರ ವ್ಯವಸ್ಥೆಯ ಭಾಗವಾಗಿತ್ತು. ಒಂದು ಪೌಂಡಿನ ಬೆಲೆ 2.778 ಜರ್ಮನ್ ಮಾರ್ಕಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಬ್ರಿಟನ್ನಿನ ಹೊಣೆಯಾಗಿತ್ತು. ಪೌಂಡಿಗೆ ಅಷ್ಟು ಬೆಲೆ ಇಲ್ಲವೆಂದು ನಂಬಿದ ಜಾರ್ಜ್ ಸೋರೋಸ್ ಮುಂತಾದವರು ರಾಶಿ ರಾಶಿ ಪೌಂಡುಗಳನ್ನು ಮಾರತೊಡಗಿದರು. ಸಾಮಾನ್ಯವಾಗಿ ಅಷ್ಟು ಮಾರಿದರೆ ಬೆಲೆ ಜಾರಿ, ಮಾರುವವನಿಗೇ ನಷ್ಟವಾಗಬೇಕು. ಇಲ್ಲಿ ಹಾಗಾಗಲಿಲ್ಲ. ಎಷ್ಟು ಮಾರಿದರೂ ಅದೇ ಬೆಲೆಗೆ ಕೊಳ್ಳಲು ಬ್ಯಾಂಕ್ ಆಫ್ ಇಂಗ್ಲೆಂಡ್ ನಿಂತಿತ್ತಲ್ಲ! ಸೆಪ್ಟೆಂಬರ್ 16ರ ಬುಧವಾರ ಬಡ್ಡಿ ದರವನ್ನು ಶೇ. 10ರಿಂದ 12ಕ್ಕೆ ಏರಿಸಿದರು. ಸಾಲದೆಂದು 15 ಮಾಡುವುದಾಗಿ ಘೋಷಿಸಿದರು. ಯಾವುದೂ ಫಲಿಸಲಿಲ್ಲ. ಅಂದು ಸಂಜೆ ಅರ್ಥಮಂತ್ರಿ ನಾರ್ಮನ್ ಲ್ಯಾಮಂಟ್ ಸೋಲೊಪ್ಪಿಕೊಂಡು ವ್ಯವಸ್ಥೆಯಿಂದ ಹೊರಬಂದರು. ಸೋರೋಸ್ ಅವರ ನಿಧಿಗೆ ಸುಮಾರು 100 ಕೋಟಿ ಡಾಲರ್ ಲಾಭವಾಯಿತು. ಬ್ರಿಟನ್ನಿನ ಖಜಾನೆಗೆ ತಗುಲಿದ ವೆಚ್ಚ ಸುಮಾರು 330 ಕೋಟಿ ಪೌಂಡ್ ಎಂದು 2005ರಲ್ಲಿ ಬಹಿರಂಗವಾದ ಸರಕಾರಿ ಕಾಗದಪತ್ರಗಳು ಹೇಳಿದವು. ವ್ಯಾಪಾರಿಗಳು ತೆರಬೇಕಾಗಿದ್ದ ಜಾರುವಿಕೆಯ ಬೆಲೆಯನ್ನು ತೆರಿಗೆದಾರರು ತೆತ್ತಂತಾಯಿತು.

ಎರಡನೆಯ ಪಾಠ ಸ್ವಿಟ್ಜರ್ಲೆಂಡಿನದು. ಒಂದು ಯೂರೋವಿನ ಬೆಲೆ 1.20 ಸ್ವಿಸ್ ಫ್ರಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲವೆಂದು ಅಲ್ಲಿನ ಕೇಂದ್ರ ಬ್ಯಾಂಕು 2011ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಗೋಡೆ ಅಲುಗಲಿಲ್ಲ. ಜಗತ್ತಿನ ಸಣ್ಣ ದೊಡ್ಡ ವ್ಯಾಪಾರಿಗಳು ಆ ಗೋಡೆಗೆ ಒರಗಿ ನಿಶ್ಚಿಂತೆಯಿಂದಿದ್ದರು. 2015ರ ಜನವರಿ 15ರ ಬೆಳಿಗ್ಗೆ, ಮುನ್ಸೂಚನೆಯಿಲ್ಲದೆ, ಬ್ಯಾಂಕು ಆ ಮಿತಿಯನ್ನು ರದ್ದುಮಾಡಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತಲೂ ಕೆಳಕ್ಕೆ ಬಿತ್ತು.

ಎಷ್ಟೋ ಜನ ಜಾಣತನದಿಂದ 'ಸ್ಟಾಪ್ ಲಾಸ್' ಎಂಬ ರಕ್ಷಣೆ ಇಟ್ಟುಕೊಂಡಿದ್ದರು. ಬೆಲೆ ಗೊತ್ತಾದ ಮಟ್ಟಕ್ಕೆ ಇಳಿದ ಕೂಡಲೇ ಮಾರಿಬಿಡು ಎಂಬ ಆದೇಶ ಅದು. ಆದರೆ ಅದು 'ಈ ಬೆಲೆಗೆ ಮಾರು' ಎಂಬ ಆದೇಶವಲ್ಲ. 'ಈ ಬೆಲೆ ಬಂದಮೇಲೆ, ಸಿಕ್ಕ ಬೆಲೆಗೆ ಮಾರು' ಎಂಬುದು. ಅಂದು ಸಿಕ್ಕ ಬೆಲೆ ಬಹಳ ಕೆಳಗಿತ್ತು. ಒಂದು ಲಕ್ಷ ಯೂರೋವನ್ನು 1.20ಕ್ಕೆ ಕೊಂಡು, 1.19ಕ್ಕೆ ಸ್ಟಾಪ್ ಲಾಸ್ ಇಟ್ಟವನೊಬ್ಬನನ್ನು ಊಹಿಸಿಕೊಳ್ಳಬಹುದು. ಆತ ಅಂದುಕೊಂಡ ಗರಿಷ್ಠ ನಷ್ಟ ಒಂದು ಸಾವಿರ ಫ್ರಾಂಕ್. ಮಾರಾಟವಾದದ್ದು 1.00ಕ್ಕೆ ಎಂದಾದರೆ ಆದ ನಷ್ಟ 20 ಸಾವಿರ ಫ್ರಾಂಕ್. ಕೇವಲ ಎರಡು ಸಾವಿರ ಯೂರೋ ಠೇವಣಿ ಇಟ್ಟು, ಉಳಿದದ್ದನ್ನು ದಲ್ಲಾಳಿಯ ಸಾಲದ ಬಲದಿಂದ ನಡೆಸಿದ್ದರೆ, ಠೇವಣಿ ಪೂರ್ತಿ ಹೋಗಿ, ಅದರ ಒಂಬತ್ತರಷ್ಟು ಸಾಲ ಆತನ ತಲೆಯ ಮೇಲೆ ಬರುತ್ತದೆ.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. ಎಫ್‌ಎಕ್ಸ್‌ಸಿಎಂ ಎಂಬ ದೊಡ್ಡ ದಲ್ಲಾಳಿ ಸಂಸ್ಥೆಯ ಗ್ರಾಹಕರ ಖಾತೆಗಳಲ್ಲಿ ಸುಮಾರು 22.5 ಕೋಟಿ ಡಾಲರ್ ಕೊರತೆ ಬಿತ್ತು. 30 ಕೋಟಿ ಡಾಲರ್ ತುರ್ತು ಸಾಲ ಪಡೆದು ಅದು ಉಸಿರಾಡಿತು. ಬ್ರಿಟನ್ನಿನ ಅಲ್ಪಾರಿ ಸಂಸ್ಥೆ ದಿವಾಳಿಯಾಯಿತು.

ನಡುರಾತ್ರಿಯ ಬಾಗಿಲು

ಬೆಲೆ ಜಾರುವುದಕ್ಕೆ ಗಾತ್ರದಷ್ಟೇ ಮುಖ್ಯವಾದುದು ಹೊತ್ತು. 2016ರ ಅಕ್ಟೋಬರ್ 7ರಂದು ಬ್ರಿಟನ್ನಿನಲ್ಲಿ ನಡುರಾತ್ರಿ ಕಳೆದು ಕೆಲವೇ ನಿಮಿಷಗಳಾಗಿದ್ದವು. ನ್ಯೂಯಾರ್ಕಿನ ವ್ಯಾಪಾರಿಗಳು ಮನೆಗೆ ಹೋಗಿದ್ದರು, ಏಷ್ಯಾದ ವ್ಯಾಪಾರ ಇನ್ನೂ ಬಿರುಸಾಗಿರಲಿಲ್ಲ. ಆಗ ಪೌಂಡು ಡಾಲರಿನೆದುರು ನೋಡನೋಡುತ್ತಿದ್ದಂತೆ ಸುಮಾರು ಶೇ. 9ರಷ್ಟು ಕುಸಿದು, ಅಷ್ಟೇ ಬೇಗ ಬಹುಪಾಲು ಚೇತರಿಸಿಕೊಂಡಿತು. ಯುದ್ಧ ನಡೆದಿರಲಿಲ್ಲ, ಸರಕಾರ ಬಿದ್ದಿರಲಿಲ್ಲ. ಅಂತರರಾಷ್ಟ್ರೀಯ ಪಾವತಿಗಳ ಬ್ಯಾಂಕಿನ ಸಮಿತಿ ತನಿಖೆ ನಡೆಸಿ 2017ರ ಜನವರಿಯಲ್ಲಿ ವರದಿ ಕೊಟ್ಟಿತು. ಯಾವುದೋ ಒಂದೇ ಕಾರಣವನ್ನು ಬೆಟ್ಟುಮಾಡಿ ತೋರಿಸಲಾಗದು, ಹಲವು ಸೇರಿಕೊಂಡವು ಎಂದಿತು. ಆದರೆ ವ್ಯಾಪಾರಿಗಳು ವಿರಳವಾಗಿದ್ದ ಆ ಹೊತ್ತೇ ಕುಸಿತಕ್ಕೆ ಹಾಸಿಗೆ ಹಾಸಿತ್ತು ಎಂಬುದು ಅದರ ಮುಖ್ಯ ಮಾತು. ಹಗಲು ಹೊತ್ತಿನಲ್ಲಿ ಅಲೆಯೆಬ್ಬಿಸದ ಮಾರಾಟ, ಬಾಗಿಲು ಹಾಕಿದ ಸಂತೆಯಲ್ಲಿ ಬಿರುಗಾಳಿಯಾಗುತ್ತದೆ. ಅನುಭವಸ್ಥ ಖಜಾಂಚಿಗಳು ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ತೆರೆದಿರುವ ಹೊತ್ತನ್ನು ಡಾಲರ್, ಯೂರೋ, ಪೌಂಡುಗಳ ದೊಡ್ಡ ವ್ಯವಹಾರಕ್ಕೆ ಆರಿಸಿಕೊಳ್ಳುವುದು ಇದಕ್ಕೇ.

ಮನೆಯ ಮಟ್ಟಿಗೆ ಇದರ ಅರ್ಥ

ಮಗಳ ಕಾಲೇಜು ಶುಲ್ಕಕ್ಕೆಂದು 20 ಸಾವಿರ ಡಾಲರ್ ಕಳಿಸುವ ತಂದೆ ತಾಯಂದಿರು ಬೆಲೆ ಜಾರುವಿಕೆಗೆ ಹೆದರಬೇಕಾಗಿಲ್ಲ. ಅವರ ಮೊತ್ತಕ್ಕೆ ಮಾರುಕಟ್ಟೆ ಕಣ್ಣು ಮಿಟುಕಿಸುವುದೂ ಇಲ್ಲ. ಅವರು ನೋಡಬೇಕಾದುದು ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರವನ್ನು. ಟೀವಿಯಲ್ಲಿ ಕಂಡ ದರಕ್ಕೂ ಬ್ಯಾಂಕಿನ ಕೌಂಟರಿನಲ್ಲಿ ಹೇಳಿದ ದರಕ್ಕೂ ಇರುವ ವ್ಯತ್ಯಾಸ ಒಂದು ರೂಪಾಯಿಯಾದರೆ 20 ಸಾವಿರ ರೂಪಾಯಿ ಹೆಚ್ಚಿಗೆ ಹೋಯಿತು. ಎರಡು ಮೂರು ಬ್ಯಾಂಕುಗಳಲ್ಲಿ ವಿಚಾರಿಸುವುದು ಒಳ್ಳೆಯದು. ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರ ಆಗಸ್ಟ್‌ನಲ್ಲಿ ಆರಂಭಿಸಿದ 'ಎಫ್‌ಎಕ್ಸ್ ರಿಟೇಲ್' ವ್ಯವಸ್ಥೆಯ ಉದ್ದೇಶವೇ ಸಣ್ಣ ಗ್ರಾಹಕರಿಗೂ ಪಾರದರ್ಶಕವಾದ ದರ ಸಿಗಲೆಂಬುದು.

ವಿದ್ಯಾರ್ಥಿಗಳ ವಿಷಯ ಬೇರೆ. ನಾಣ್ಯ ವ್ಯಾಪಾರ ಕಲಿಸುವ ಆ್ಯಪ್‌ಗಳು ಮೊದಲು ಆಟದ ಹಣ ಕೊಟ್ಟು ಅಭ್ಯಾಸ ಮಾಡಿಸುತ್ತವೆ. ಅಂಥ ಆಟದ ಖಾತೆಯಲ್ಲಿ ಒತ್ತಿದ ಗುಂಡಿಗೆ ಕಂಡ ಬೆಲೆಯೇ ಸಿಗುವುದು ಸಾಮಾನ್ಯ. ಎದುರಿಗೆ ನಿಜವಾದ ಮಾರುವವನೇ ಇಲ್ಲದಿರುವಾಗ ಜಾರುವುದಾದರೂ ಎಲ್ಲಿಂದ? ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರೆ ಪೆರೋಲ್ಡ್ 1988ರಲ್ಲೇ ಈ ಅಂತರವನ್ನು ಎತ್ತಿ ತೋರಿಸಿದ್ದರು. ಕಾಗದದ ಮೇಲಿನ ವ್ಯಾಪಾರದ ಲಾಭಕ್ಕೂ ನಿಜವಾದ ವ್ಯಾಪಾರದ ಲಾಭಕ್ಕೂ ನಡುವೆ ಎಷ್ಟು ಕೊರತೆ ಇದೆಯೆಂದು ಅಳೆಯುವುದೇ ಅವರ ವಿಧಾನದ ತಿರುಳು. ಆಟದಲ್ಲಿ ಗೆದ್ದ ಹುಡುಗ ನಿಜದಲ್ಲೂ ಗೆಲ್ಲುತ್ತೇನೆಂದುಕೊಂಡರೆ ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ಅರ್ಥ. ಅದರ ಮೇಲೆ, ಠೇವಣಿಯ ಹತ್ತಾರು ಪಟ್ಟು ವ್ಯಾಪಾರ ಮಾಡಲು ಕೊಡುವ ಸಾಲ ಪೈಸೆಯ ಜಾರುವಿಕೆಯನ್ನೂ ರೂಪಾಯಿಯಾಗಿಸುತ್ತದೆ.

ಕಾನೂನಿನ ಮಾತೂ ಇದೆ. ಭಾರತದಲ್ಲಿ ವಾಸಿಸುವವರು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ಪ್ರಕಾರ ಅಧಿಕೃತ ವ್ಯಕ್ತಿಗಳೊಡನೆ, ಅನುಮತಿ ಇರುವ ಉದ್ದೇಶಗಳಿಗಾಗಿ ಮಾತ್ರ ವಿದೇಶಿ ನಾಣ್ಯದ ವ್ಯವಹಾರ ನಡೆಸಬಹುದು. ಕಂಪ್ಯೂಟರ್ ಮೂಲಕ ನಡೆಸುವುದಾದರೆ ರಿಸರ್ವ್ ಬ್ಯಾಂಕ್ ಅಧಿಕೃತಗೊಳಿಸಿದ ವೇದಿಕೆ ಅಥವಾ ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳಲ್ಲಿ ಮಾತ್ರ ನಡೆಸಬೇಕು. ಅನುಮತಿಯಿಲ್ಲದೆ ನಡೆಯುವ ವೇದಿಕೆಗಳ ಎಚ್ಚರಿಕೆ ಪಟ್ಟಿಯೊಂದನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಅನಂತರ ಅದಕ್ಕೆ ಹೆಸರುಗಳು ಸೇರುತ್ತ ಹೋಗಿವೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಇದೆ ಎಂದೂ ಅರ್ಥವಲ್ಲ. ಅಂಥ ಕಡೆ ಹಣ ತೊಡಗಿಸಿದವರು ನಷ್ಟದ ಜೊತೆಗೆ ಕಾನೂನಿನ ಕ್ರಮವನ್ನೂ ಎದುರಿಸಬೇಕಾದೀತು.

ಇಷ್ಟೆಲ್ಲ ತಿಳಿದಮೇಲೆ ಗಣಿತ, ಸಂಖ್ಯಾಶಾಸ್ತ್ರಗಳಲ್ಲಿ ಆಸಕ್ತಿಯಿರುವ ವಿದ್ಯಾರ್ಥಿ ನಿರಾಶನಾಗಬೇಕಾಗಿಲ್ಲ. ದೊಡ್ಡ ಬೇಡಿಕೆಯನ್ನು ಅಲೆಯೆಬ್ಬಿಸದೆ ಪೂರೈಸುವುದು ಹೇಗೆಂದು ಯೋಚಿಸುವುದೇ ಇಂದು ಬ್ಯಾಂಕುಗಳಲ್ಲಿ, ನಿಧಿಗಳಲ್ಲಿ, ಕೇಂದ್ರ ಬ್ಯಾಂಕುಗಳಲ್ಲಿ ಹಲವರಿಗೆ ವೃತ್ತಿಯಾಗಿದೆ. ಅದಕ್ಕೆ ಬೇಕಾದುದು ಜೂಜಿನ ಗುಂಡಿಗೆಯಲ್ಲ. ಸಂಭವನೀಯತೆ, ಕಲನಶಾಸ್ತ್ರ ಮತ್ತು ತಾಳ್ಮೆ. ಪರದೆಯ ಮೇಲೆ ಕಾಣುವ ಬೆಲೆ ಒಂದು ಪ್ರಶ್ನೆಯ ಅರ್ಧ ಮಾತ್ರ. 'ಎಷ್ಟಕ್ಕೆ?' ಎಂದು ಕೇಳಿದವನು 'ಎಷ್ಟರವರೆಗೆ?' ಎಂದೂ ಕೇಳಲು ಕಲಿತರೆ ಆತ ಮಾರುಕಟ್ಟೆಯ ಮೊದಲ ಪಾಠವನ್ನು ಕಲಿತಂತೆ.